ಬಾರದ ಸದ್ದು ಕೇಳಿಸಿದ್ದು ಹೇಗೆ?

ಮುಂಬೈ ಲೋಕಲ್‌ನಲ್ಲಿ ‘ಪುಢೀಲ್ ಸ್ಟೇಷನ್’ (ಮುಂದಿನ ನಿಲ್ದಾಣ) ಅಂತ ಮರಾಠಿಯಲ್ಲಿ ಸಾರುವ ಹೊತ್ತಿಗೇ ಪಕ್ಕದ ಹಳಿಯಲ್ಲಿ ಇನ್ನೊಂದು ಗಾಡಿ ಭರ್ರೆಂದು ಹಾಯುತ್ತದೆ. ಆದರೂ ‘ದಾದರ್’ ಅಂತ ಕೇಳಿಯೇ ಕೇಳಿತು ಅಂದುಕೊಂಡು ಬಾಗಿಲ ಕಡೆ ಸರಿಯುತ್ತೇವೆ. ಕಿವಿಗೆ ಬಿದ್ದದ್ದು ಅರ್ಧ. ಉಳಿದರ್ಧ ತುಂಬಿದ್ದು ಮಿದುಳು. ಮಾಟುಂಗಾ ಈಗಷ್ಟೇ ದಾಟಿತಲ್ಲ, ಮುಂದಿನದು ಇನ್ನೇನಿದ್ದೀತು?

1970ರಲ್ಲಿ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ವಾರೆನ್ ಇದನ್ನು ಪರೀಕ್ಷಿಸಿದರು. ರೆಕಾರ್ಡ್ ಮಾಡಿದ ವಾಕ್ಯವೊಂದರಲ್ಲಿ ‘ಲೆಜಿಸ್ಲೇಚರ್ಸ್’ ಪದದ ನಡುವಿನ ‘ಸ್’ ಕತ್ತರಿಸಿ, ಆ ಜಾಗಕ್ಕೆ ಕೆಮ್ಮು ಅಂಟಿಸಿದರು. ಕೇಳಿದ 20 ಜನರಲ್ಲಿ 19 ಮಂದಿ ಏನೂ ಬಿಟ್ಟುಹೋಗಿಲ್ಲ ಅಂದರು. ಉಳಿದೊಬ್ಬರು ಏನೋ ಇಲ್ಲ ಅಂದರು, ತೋರಿಸಿದ್ದು ಮಾತ್ರ ಬೇರೆ ಜಾಗ. ಕೆಮ್ಮಿನ ಬದಲು ಬರೀ ಮೌನ ಇಟ್ಟರೆ ಎಲ್ಲಿ ಖಾಲಿ ಅಂತ ಗೊತ್ತಾಗುತ್ತಿತ್ತು. ಗದ್ದಲವಿದ್ದರೆ ಅದರಡಿ ಸದ್ದು ಮುಚ್ಚಿಹೋಗಿರಬಹುದು ಅಂತ ನಂಬಬಹುದು. ಮೌನಕ್ಕೆ ಆ ನೆಪವಿಲ್ಲ, ಅಲ್ವಾ?

ನನಗೆ ಇದಕ್ಕಿಂತ ಜಾಸ್ತಿ ಸೋಜಿಗ ಅನ್ನಿಸುವುದು ಅವರ ಇನ್ನೊಂದು ಪ್ರಯೋಗ. ಇಲ್ಲಿ ಪದದ ಮೊದಲ ಸದ್ದೇ ಮಾಯ, ಆ ಜಾಗದಲ್ಲಿ ಕೆಮ್ಮು; ಉಳಿದದ್ದು ‘ಈಲ್’ ಮಾತ್ರ. ವಾಕ್ಯದ ಕೊನೆಗೆ ಗಾಡಿಯ ಅಚ್ಚು ಬಂದರೆ ಜನರಿಗೆ ‘ವೀಲ್’ ಕೇಳಿಸಿತು. ಶೂ ಬಂದರೆ ‘ಹೀಲ್’. ಕಿತ್ತಳೆ ಬಂದರೆ ‘ಪೀಲ್’, ಅಂದರೆ ಸಿಪ್ಪೆ. ಟೇಪಿನಲ್ಲಿದ್ದದ್ದು ಅದೇ ತುಂಡು. ಸುಳಿವು ಸಿಕ್ಕಿದ್ದು ಪದ ಮುಗಿದ ಮೇಲೆ. ಹಿಂದೆ ಹೋಗಿ ತುಂಬಿದ್ದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ!

ಇದು ಆಮೇಲೆ ಕಟ್ಟಿದ ಊಹೆ ಇರಬಹುದೇ? ಹಾಗೆ ಕಾಣುವುದಿಲ್ಲ. ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಮೇಲೆ ಎಲೆಕ್ಟ್ರೋಡ್ ಇಟ್ಟಿದ್ದ ರೋಗಿಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ತಂಡವೊಂದು ಗಮನಿಸಿತು. ಫಲಿತಾಂಶ ಪ್ರಕಟವಾದದ್ದು 2016ರಲ್ಲಿ. ಸದ್ದನ್ನು ಅಳಿಸಿ ಗದ್ದಲ ತುಂಬಿದ ಕಡೆಯೂ, ಮಿದುಳಿನ ಕೇಳುವ ಭಾಗ ಆ ಸದ್ದು ನಿಜವಾಗಿ ಬಂತೇನೋ ಎಂಬಂತೆ ಮಿಡಿದಿತ್ತು.

ಬರಬಹುದಾದ ಪದಗಳು ಕಡಿಮೆ ಇದ್ದಷ್ಟೂ ಗದ್ದಲದಲ್ಲಿ ಅವು ಸುಲಭವಾಗಿ ತಿಳಿಯುತ್ತವೆ ಅಂತ ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಮತ್ತು ಸಂಗಡಿಗರು 1951ರಲ್ಲೇ ತೋರಿಸಿದ್ದರು. ಬೆಳಗಿನ ರಶ್ಶಿನಲ್ಲಿ ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆ ಹತ್ತಿರ ಕೂತರೆ ಸಾಕು, ಇದು ಗೊತ್ತಾಗುತ್ತದೆ. ತಟ್ಟೆ ಲೋಟಗಳ ಸದ್ದು, ಕಾವಲಿಯ ಚುರ್‌ಚುರ್, ನಡುವೆ ಸಪ್ಲೈಯರ್ ಕೂಗುತ್ತಾನೆ: ‘ಎರಡು ಮೈಸೂರು, ಒಂದು ಮೆದುವಡಾ!’ ನಮಗೆ ಕೇಳಿದ್ದು ಬರೀ ‘...ಸೂರು... ವಡಾ’. ಒಳಗಿನ ಭಟ್ಟರು ತಲೆ ಎತ್ತದೆ ಎರಡು ಮೈಸೂರು ಮಸಾಲಾ ಹೊಯ್ಯುತ್ತಾರೆ. ಅವರ ಕಿವಿ ನಮ್ಮದಕ್ಕಿಂತ ಚುರುಕೇನಲ್ಲ. ಆ ಹೊತ್ತಿನಲ್ಲಿ ಯಾವ್ಯಾವ ಕೂಗು ಬರಬಹುದು ಅನ್ನುವುದು ಅವರಿಗೆ ಬಾಯಿಪಾಠ. ಮೆನುವಿಗೆ ಹೊಸ ತಿಂಡಿ ಸೇರಿದ ವಾರ ನೋಡಿ, ಅದೇ ಭಟ್ಟರು ‘ಏನಂದೆ? ಇನ್ನೊಂದ್ಸಲ ಹೇಳು ಮಾರಾಯ’ ಅನ್ನುತ್ತಾರೆ.