ಕೌಂಟ್ ನೋಡಿ ಟಿಬಿ ಮಾತ್ರೆ ನಿಲ್ಲಿಸಬೇಡಿ

"ಸಾರ್, ಬಿಳಿ ರಕ್ತಕಣ ನಾರ್ಮಲ್ ಬಂದಿದೆ. ಕಾಯಿಲೆ ಹೋಯ್ತು ಅಲ್ವಾ?" ಕೋಲಾರದಲ್ಲಿ ನನ್ನ ಹತ್ತಿರ ಬರುವ ಟಿಬಿ ಪೇಷೆಂಟ್‌ಗಳ ಮನೆಯವರು ರಕ್ತಪರೀಕ್ಷೆಯ ರಿಪೋರ್ಟ್ ಟೇಬಲ್ ಮೇಲಿಟ್ಟು ಕೇಳುವ ಮಾತು ಇದು.

ಇಲ್ಲ, ಹೋಗಿಲ್ಲ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿಕಣ ಸುಮಾರು 4,000ದಿಂದ 11,000ದವರೆಗೆ ಇದ್ದರೆ ನಾರ್ಮಲ್ ಅಂತ ಬರೆಯುತ್ತಾರೆ. ಟಿಬಿ ಬಂದ ಎಷ್ಟೋ ಜನಕ್ಕೆ ಮೊದಲ ಮಾತ್ರೆ ನುಂಗುವ ಮುಂಚೆಯೂ ಕೌಂಟ್ ಅಷ್ಟರೊಳಗೇ ಇರುತ್ತದೆ. ಕೆಲವರಿಗೆ ಸ್ವಲ್ಪ ಜಾಸ್ತಿ, ಕೆಲವರಿಗೆ ಕಮ್ಮಿ. ಕಾಯಿಲೆ ಇದ್ದಾಗಲೇ ನಾರ್ಮಲ್ ಇದ್ದ ಕೌಂಟ್, ಈಗಲೂ ನಾರ್ಮಲ್ ಬಂದರೆ ಏನು ತಿಳಿದಂತಾಯಿತು? ಶ್ವಾಸಕೋಶದ ಟಿಬಿಯಾದರೆ ಕಫ ಪರೀಕ್ಷೆಯೇ ಆಗಬೇಕು.

ಮಾಲೂರು ಕಡೆಯ ಹುಡುಗನೊಬ್ಬ ತಂದೆಯನ್ನು ಕರೆತಂದಿದ್ದ. ಕೌಂಟ್ 7,800. ಆ ಖುಷಿಗೆ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಹಿರಿಯರ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಉಡಿದಾರಕ್ಕೆ ಸಿಕ್ಕಿಸಿಕೊಂಡಿದ್ದರು. ತೂಕ ನೋಡಿದೆ, 38 ಕೆಜಿ. ಚಿಕಿತ್ಸೆ ಶುರುವಾದಾಗಲೂ ಅಷ್ಟೇ ಇತ್ತು.

"ಊಟಕ್ಕೆ ಏನು ಕೊಡ್ತಿದ್ದೀಯಪ್ಪಾ?"

"ಮುದ್ದೆ, ಸೊಪ್ಪಿನ ಸಾರು ಸಾರ್. ಮೊಟ್ಟೆ ಉಷ್ಣ ಅಂತ ಕೊಡ್ತಿಲ್ಲ."

ಸಿಟ್ಟು ಬಂತು. ಆದರೆ ಅಪ್ಪನನ್ನು ಕೈಹಿಡಿದು ನಡೆಸಿಕೊಂಡು ಬಂದ ಹುಡುಗನಿಗೆ ಏನಂತ ಬಯ್ಯಲಿ? ಟಿಬಿಗೆ ಇಂಥ ಪಥ್ಯ ಬೇಡ. ಮುದ್ದೆ ಇರಲಿ, ಜೊತೆಗೆ ಮೊಟ್ಟೆ, ಹಾಲು, ಕಾಳು ಬೇಕು. ಸರ್ಕಾರ ತಿಂಗಳಿಗೆ 1,000 ರೂಪಾಯಿ ಪೋಷಣೆಯ ಹಣ ಕೊಡುವುದೇ ಇದಕ್ಕೆ.

ನನಗೆ ಕೌಂಟ್‌ಗಿಂತ ತೂಕ ಮುಖ್ಯ. ಮಾತ್ರೆಯ ಲೆಕ್ಕವೂ ಅದರ ಮೇಲೆಯೇ. ಸಾಮಾನ್ಯ ಟಿಬಿಯಲ್ಲಿ, ದೊಡ್ಡವರಿಗೆ 35ರಿಂದ 49 ಕೆಜಿಯಾದರೆ ದಿನಕ್ಕೆ 3, 50ರಿಂದ 64 ಆದರೆ 4. ತೂಕ ಏರಿದಾಗ ಲೆಕ್ಕ ಬದಲಾಗಬಹುದು, ಅದನ್ನು ಡಾಕ್ಟರಿಗೆ ಬಿಡಿ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಕಮ್ಮಿ ಇತ್ತು. ಹಾಗಂತ ಮೈ ತುಂಬಿಕೊಂಡಿತು ಅಂತಲೂ ಮಾತ್ರೆ ಬಿಡಬೇಡಿ. ಸಾಮಾನ್ಯವಾಗಿ ಕೋರ್ಸ್ ಆರು ತಿಂಗಳು. ಕೆಲವರಿಗೆ ಇನ್ನೂ ಜಾಸ್ತಿ.

ತಿಂಗಳಿಗೊಮ್ಮೆ ಚಪ್ಪಲಿ ಬಿಟ್ಟು, ಒಂದೇ ಯಂತ್ರದಲ್ಲಿ ತೂಕ ನೋಡಿ ಚಿಕಿತ್ಸಾ ಕಾರ್ಡಿನಲ್ಲಿ ಬರೆಸಿ. ಎರಡು ತಿಂಗಳಾದರೂ ಏರದಿದ್ದರೆ ಸುಮ್ನೆ ಕೂರಬೇಡಿ, ಬನ್ನಿ. ಸಕ್ಕರೆ ಕಾಯಿಲೆ ಇದೆಯಾ, ಮಾತ್ರೆ ತಪ್ಪುತ್ತಿದೆಯಾ, ಔಷಧಕ್ಕೆ ಬಗ್ಗದ ಟಿಬಿಯಾ ಅಂತ ನೋಡಬೇಕಾಗುತ್ತದೆ.