ಅಜ್ಜಿಯ ವಿಕ್ಟೋರಿಯಾ ರೂಪಾಯಿಗೆ ನಿಜವಾಗಿ ಎಷ್ಟು ಬರುತ್ತದೆ?

ಪ್ರಶ್ನೆ: ಅಜ್ಜಿ ಲಕ್ಷ್ಮೀ ಪೂಜೆಗೆ ಇಡುತ್ತಿದ್ದ 1862ರ ವಿಕ್ಟೋರಿಯಾ ಬೆಳ್ಳಿ ರೂಪಾಯಿ ನಮ್ಮಲ್ಲಿದೆ. ಬೆಳ್ಳಿ ಅಂಗಡಿಯವರು ತೂಕದ ಲೆಕ್ಕಕ್ಕೆ ಕೇಳಿದರು. ನಾಣ್ಯದ ವ್ಯಾಪಾರಿ ಸ್ವಲ್ಪ ಜಾಸ್ತಿ ಹೇಳಿದರು. ಮೊಬೈಲ್‌ನಲ್ಲಿ ನೋಡಿದರೆ ಲಕ್ಷಗಟ್ಟಲೆ ಅಂತಾರೆ. ಯಾರನ್ನು ನಂಬುವುದು?

ಉತ್ತರ: ಮೊದಲ ಇಬ್ಬರ ಮಾತಿನಲ್ಲೂ ಲೆಕ್ಕವಿದೆ. ಮೂರನೆಯದನ್ನು ಬಿಟ್ಟುಬಿಡಿ.

ಬೆಳ್ಳಿ ಅಂಗಡಿಯವರು ನೋಡುವುದು ಲೋಹವನ್ನು ಮಾತ್ರ. ಆ ಕಾಲದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಸವೆಯದ ನಾಣ್ಯದಲ್ಲಿ ಸುಮಾರು 10.69 ಗ್ರಾಂ ಅಪ್ಪಟ ಬೆಳ್ಳಿ ಇದ್ದಂತಾಯಿತು. ಅದನ್ನು ಇವತ್ತಿನ ದರಕ್ಕೆ ಗುಣಿಸಿದರೆ ತಳಬೆಲೆ ಸಿಗುತ್ತದೆ. (1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿ ಬರೀ ನಿಕ್ಕಲ್. ಎಲ್ಲಕ್ಕೂ ಒಂದೇ ಲೆಕ್ಕ ಹಾಕಬೇಡಿ.)

ಈ ತಳಬೆಲೆಯ ಮೇಲೆ ಎಷ್ಟು ಸೇರುತ್ತದೆ ಅನ್ನುವುದೇ ನಾಣ್ಯದ ವ್ಯಾಪಾರಿಯ ಲೆಕ್ಕ. ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ನಿಮ್ಮ 1862ರ ರೂಪಾಯಿಯನ್ನೇ ನೋಡಿ. ಟಂಕಸಾಲೆಗಳು 1874ರವರೆಗೂ ರೂಪಾಯಿಯ ಮೇಲೆ ಅದೇ ಇಸವಿ ಹಾಕುತ್ತಾ ಹೋದವು. ಹಾಗಾಗಿ ಈ ಇಸವಿಯ ನಾಣ್ಯಗಳು ರಾಶಿ ರಾಶಿ ಇವೆ. ಆದರೂ ಭೂತಗನ್ನಡಿ ಹಿಡಿದು ಇಸವಿಯ ಕೆಳಗೆ ನೋಡಿ. ಸಣ್ಣ ಸಣ್ಣ ಚುಕ್ಕಿಗಳಿರಬಹುದು. ಸಂಗ್ರಾಹಕರು ಅವನ್ನು ಎಣಿಸುತ್ತಾರೆ, ಯಾಕೆಂದರೆ ಕೆಲವು ಬಗೆಗಳು ಅಪರೂಪ. ಒಂದು ಚುಕ್ಕಿಯಿಂದ ಬೆಲೆ ಏರುವುದು ಹೀಗೆ.

ಇದರ ಎದುರಿಗೆ 1939ರ ರೂಪಾಯಿಯನ್ನು ಇಡಿ. ಅದಕ್ಕಿಂತ ಎಷ್ಟೋ ಹೊಸದು, ಆದರೆ ಉಳಿದಿರುವುದು ತೀರಾ ಕಮ್ಮಿ. ಹಾಗಾಗಿ ಬೆಲೆ ಎಷ್ಟೋ ಪಟ್ಟು ಮೇಲೆ, ನಕಲಿಗಳ ಕಾಟವೂ ಅಷ್ಟೇ. ಇನ್ನು 1911ರ ಜಾರ್ಜ್ ರಾಜನ ರೂಪಾಯಿ. ಅವನ ಮೈಮೇಲಿನ ಹಾರದಲ್ಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಅಂತ ಜನ ಸಿಟ್ಟಾದರು. ಸರ್ಕಾರ ಹೆಚ್ಚಿನವನ್ನು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಿಸಿತು. ಆ ಕಥೆಯ ಕಾರಣಕ್ಕೇ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಎರಡೂ ಸೇರಿಯೇ ಬೆಲೆ.

ಅದಕ್ಕಿಂತಲೂ ದೊಡ್ಡದು ನಾಣ್ಯದ ಸ್ಥಿತಿ. ವ್ಯಾಪಾರಿ ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಓರೆ ಮಾಡುತ್ತಾರೆ. ರಾಣಿಯ ಕೆನ್ನೆ ಚಪ್ಪಟೆಯಾಗಿದೆಯಾ? ಕೂದಲಿನ ಎಳೆ ಬಿಡಿಬಿಡಿಯಾಗಿ ಕಾಣುತ್ತದಾ? ಉಡುಪಿನ ಕಸೂತಿ ಉಳಿದಿದೆಯಾ? ಸವೆತ ಮೊದಲು ಕಾಣುವುದು ಇಂಥ ಉಬ್ಬಿದ ಜಾಗಗಳಲ್ಲೇ. ಇದನ್ನು ನೋಡಿ ವಿಎಫ್ (ಸ್ವಲ್ಪ ಸವೆದದ್ದು), ಎಕ್ಸ್‌ಎಫ್ (ತೀರಾ ಕಮ್ಮಿ ಸವೆದದ್ದು), ಯುಎನ್‌ಸಿ (ಬಳಕೆಯಿಂದ ಸವೆಯದೇ ಇರುವುದು) ಅಂತ ದರ್ಜೆ ಹೇಳುತ್ತಾರೆ. ಎನ್‌ಜಿಸಿ, ಪಿಸಿಜಿಎಸ್‌ನಂಥ ಸಂಸ್ಥೆಗಳು 70 ಅಂಕಗಳ ಮಾಪನದಲ್ಲಿ ದರ್ಜೆ ಕೊಟ್ಟು ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಒಂದೇ ಇಸವಿಯ ಎರಡು ನಾಣ್ಯಗಳಲ್ಲಿ ಒಂದಕ್ಕೆ ಬೆಳ್ಳಿಯ ಬೆಲೆ, ಇನ್ನೊಂದಕ್ಕೆ ಅದರ ಹಲವು ಪಟ್ಟು ಬರುವುದು ಇದರಿಂದಲೇ.

ದಯವಿಟ್ಟು ನಾಣ್ಯವನ್ನು ತೊಳೆಯಬೇಡಿ. ಹಬ್ಬ ಬಂತೆಂದರೆ ಪೂಜೆ ಸಾಮಾನಿನ ಜೊತೆ ಇದನ್ನೂ ಹುಣಸೆಹಣ್ಣು, ಸಬೀನಾ ಹಾಕಿ ತಿಕ್ಕುತ್ತಾರೆ. ಥಳಥಳ ಹೊಳೆಯುತ್ತದೆ ನಿಜ, ಆದರೆ ಮೈತುಂಬ ಕೂದಲೆಳೆಯಷ್ಟು ಗೀರು ಬೀಳುತ್ತವೆ. ಅವು ಮತ್ತೆ ಹೋಗುವುದಿಲ್ಲ. ಕಾಲ ಕಳೆದಂತೆ ತಾನಾಗಿ ಬಂದ ಕಪ್ಪು, ನೀಲಿ ಛಾಯೆಯನ್ನೇ ಸಂಗ್ರಾಹಕರು ಇಷ್ಟಪಡುತ್ತಾರೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ, ಅದನ್ನು ತೆಗೆಸಿದರೂ ಬೆಸುಗೆಯ ಗುರುತು ಉಳಿಯುತ್ತದೆ. ಆಗ ಬೆಲೆ ಹೆಚ್ಚುಕಮ್ಮಿ ಬೆಳ್ಳಿಗೇ ಇಳಿಯುತ್ತದೆ.

ವ್ಯಾಪಾರಿ ಕೊಳ್ಳುವ ಬೆಲೆ, ಮಾರುವ ಬೆಲೆ ಬೇರೆ ಬೇರೆ. ಅದು ಮೋಸವಲ್ಲ. ಗಿರಾಕಿ ಸಿಗುವವರೆಗೆ ಅವರ ದುಡ್ಡು ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ನಕಲಿ ಅಂತ ತಿಳಿದರೆ ನಷ್ಟವೂ ಅವರದೇ. ಹಾಗಾಗಿ ಇಬ್ಬರು ಮೂವರನ್ನು ಕೇಳಿ. ಬೆಂಗಳೂರು, ಮುಂಬೈಯ ನಾಣ್ಯ ಹರಾಜು ಸಂಸ್ಥೆಗಳ ಹಿಂದಿನ ಫಲಿತಾಂಶಗಳಲ್ಲಿ ನಿಮ್ಮದೇ ಇಸವಿ, ನಿಮ್ಮದೇ ಸ್ಥಿತಿಯ ನಾಣ್ಯ ಎಷ್ಟಕ್ಕೆ ಹೋಗಿದೆ ನೋಡಿ. ಜಾಹೀರಾತಿನಲ್ಲಿ ಯಾರು ಎಷ್ಟು ಬೇಕಾದರೂ ಕೇಳಬಹುದು, ಅಲ್ವಾ? ಒಬ್ಬರು ದುಡ್ಡು ಎಣಿಸಿ ಕೊಟ್ಟಿದ್ದೇ ಬೆಲೆ.

ಆ ಲಕ್ಷದ ಮಾತಿನ ಹಿಂದೆ ಹೆಚ್ಚಾಗಿ ಮೋಸವೇ ಇರುತ್ತದೆ. ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ ಲಕ್ಷ ಕೊಡುತ್ತೇವೆ ಅನ್ನುತ್ತಾರೆ, ಆಮೇಲೆ ನೋಂದಣಿ ಶುಲ್ಕ, ತೆರಿಗೆ ಅಂತ ನಿಮ್ಮಿಂದಲೇ ಕೀಳುತ್ತಾರೆ. ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು: ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಯಾರಿಂದಲೂ ಶುಲ್ಕ ಕೇಳುವುದಿಲ್ಲ ಅಂತ. ವಿದೇಶದ ಗಿರಾಕಿಗೆ ಕಳಿಸುವ ಯೋಚನೆಯೂ ಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ.