ಅಪ್ಪ ಬೆಂಗಳೂರಿಗೆ ಹೋಗಿಲ್ಲ ಅಂತ ಮಗುವಿಗೆ ಹೇಳಿ

ಮನೆಯಲ್ಲಿ ಸಾವಾದಾಗ ಚಿಕ್ಕ ಮಕ್ಕಳಿಗೆ "ಊರಿಗೆ ಹೋಗ್ಯಾನ, ಬರ್ತಾನ" ಅಂದುಬಿಡುತ್ತೇವೆ. ನಮ್ಮ ಕೊಪ್ಪಳದ ಕಡೆ ಈ ಮಾತಿನಿಂದ ತೊಂದರೆ ಜಾಸ್ತಿ. ಇಲ್ಲಿ ಕೂಲಿಗಾಗಿ ಊರು ಬಿಟ್ಟು ಗುಳೆ ಹೋದವರು ಉಗಾದಿಗೋ ಗವಿಮಠದ ಜಾತ್ರೆಗೋ ವಾಪಸ್ ಬರುತ್ತಾರೆ. ಮಗು ಅದನ್ನು ಕಣ್ಣಾರೆ ಕಂಡಿದೆ. ಹಾಗಾಗಿ ಕಾಯುತ್ತದೆ.

ನನ್ನ ಹತ್ತಿರ ಬಂದಿದ್ದ ಐದು ವರ್ಷದ ಹುಡುಗಿ, ಬಸ್ಸಿನ ಸದ್ದಾದರೆ ಸಾಕು, ಬಾಗಿಲಿಗೆ ಓಡುತ್ತಿದ್ದಳು. ಹಬ್ಬಕ್ಕೆ ಪಕ್ಕದ ಮನೆಯವನ ಅಪ್ಪ ಬಂದ, ಇವಳ ಅಪ್ಪ ಬರಲಿಲ್ಲ. "ನಾ ಹಟ ಮಾಡಿದ್ದಕ್ಕ ಸಿಟ್ಟಾಗ್ಯಾನೇನು?" ಅಂತ ಅಜ್ಜಿಯನ್ನು ಕೇಳಿದಳು. ಈ ವಯಸ್ಸಿನವರು ತಮ್ಮಿಂದಲೇ ಹೀಗಾಯಿತು ಅಂದುಕೊಳ್ಳುವುದು ಸಾಮಾನ್ಯ. "ನಿನ್ನಿಂದ ಏನೂ ಆಗಿಲ್ಲ" ಅನ್ನೋದನ್ನು ಮಗು ಕೇಳದಿದ್ದರೂ ಹೇಳಬೇಕು.

ಸುಳ್ಳು ಹೇಳಿಯಾಗಿದ್ದರೆ ತಾಯಿಯೇ ಹತ್ತಿರ ಕೂರಿಸಿಕೊಂಡು ತಿದ್ದಲಿ. "ಬೆಂಗಳೂರಿಗೆ ಹೋಗ್ಯಾನ ಅಂದಿದ್ದೆ, ಅದು ಖರೇ ಅಲ್ಲ. ಅಪ್ಪ ಸತ್ತು ಹೋಗ್ಯಾನ. ಅವನ ಮೈ ಕೆಲಸ ಮಾಡೋದು ನಿಂತೈತಿ. ಉಸಿರಾಡಂಗಿಲ್ಲ, ಹಸಿವಾಗಂಗಿಲ್ಲ, ನೋವಾಗಂಗಿಲ್ಲ. ತಿರುಗಿ ಬರಂಗಿಲ್ಲ." ಮಗು ಸಿಟ್ಟಾಗಬಹುದು, ಹೊಡೆಯಲೂಬಹುದು. ಎದ್ದು ಹೋಗಬೇಡಿ. ನಿಮಗೂ ಅಳು ಬಂದರೆ ಅಳಿ. "ಮಲಗ್ಯಾನ" ಅಂತ ಮಾತ್ರ ಅನ್ನಬೇಡಿ, ರಾತ್ರಿ ಕಣ್ಣು ಮುಚ್ಚೋಕೇ ಹೆದರುವ ಮಕ್ಕಳಿದ್ದಾರೆ.

ಸತ್ತವರು ಬರುವುದಿಲ್ಲ ಅನ್ನೋದು ಐದರಿಂದ ಏಳು ವರ್ಷದ ನಡುವೆ ನಿಧಾನವಾಗಿ ತಿಳಿಯುತ್ತದೆ. ಅದಕ್ಕಿಂತ ಚಿಕ್ಕವರು ಇವತ್ತು ತಲೆಯಾಡಿಸಿ ನಾಳೆ "ಯಾವಾಗ ಬರ್ತಾನ?" ಅಂತಾರೆ. ಬೇಸರಪಡದೆ ಅದೇ ಉತ್ತರವನ್ನು ಮತ್ತೆ ಹೇಳಿ.

ನಮ್ಮಲ್ಲಿ ಅನೇಕ ಮನೆಗಳಲ್ಲಿ ಶವವನ್ನು ಕೂರಿಸಿ, ವಿಭೂತಿ ಹಚ್ಚಿ, ರಾತ್ರಿಯೆಲ್ಲ ಭಜನೆ ಮಾಡುತ್ತಾರೆ. ಮಗುವಿನ ಕಣ್ಣಿಗೆ ಅಜ್ಜ ಸುಮ್ನೆ ಕೂತಂತೆ ಕಾಣುತ್ತಾನೆ. ಮರುದಿನ ಅದೇ ಅಜ್ಜನನ್ನು ಮಣ್ಣಲ್ಲಿ ಇಟ್ಟರೆ "ಉಸಿರು ಕಟ್ಟಂಗಿಲ್ಲೇನು?" ಅನ್ನೋ ಭಯ ಹುಟ್ಟದೇ ಇರುತ್ತಾ? ಮಣ್ಣಿಗೆ ಕರೆದೊಯ್ಯುವುದಾದರೆ ಅಲ್ಲಿ ಏನೇನು ನಡೆಯುತ್ತೆ ಅಂತ ಮೊದಲೇ ಹೇಳಿ. ಮಗುವಿಗೆ ಒಗ್ಗಿದವರೊಬ್ಬರು ಕೈ ಹಿಡಿದುಕೊಂಡಿರಲಿ. ಬರಲ್ಲ ಅಂದರೆ ಒತ್ತಾಯ ಬೇಡ.

ಈಗಷ್ಟೇ ಅತ್ತ ಮಗು ಹೊರಗೆ ಹೋಗಿ ಗೋಲಿ ಆಡುತ್ತಿದ್ದರೆ "ಇದಕ್ಕೇನೂ ತಿಳಿಯಂಗಿಲ್ಲ" ಅನ್ನಬೇಡಿ. ಮಕ್ಕಳಿಗೆ ದುಃಖ ಬಿಟ್ಟು ಬಿಟ್ಟು ಬರುತ್ತದೆ. ಹಾಸಿಗೆ ಒದ್ದೆಯಾಗೋದು, ಹೊಟ್ಟೆನೋವು ಕೆಲವು ವಾರ ಇರಬಹುದು. ತಿಂಗಳುಗಳಾದರೂ ಊಟ, ನಿದ್ದೆ, ಆಟ ಸರಿಹೋಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.